ನಷ್ಟ ಯಾರ ತಲೆಗೆ?

(ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಮಾಡಿದ ಲೆಕ್ಕದಲ್ಲಿ ಒಂದು ಕಡೆ ತಪ್ಪಿದ್ದೆ. ಇಲ್ಲಿ ಸರಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಆನ್‌ಲೈನ್ ಎಲೆಕ್ಟ್ರಾನಿಕ್ಸ್ ಮಾರಾಟದಲ್ಲಿ ಬಿಸಿನೆಸ್ ಡೆವಲಪ್‌ಮೆಂಟ್ ಮ್ಯಾನೇಜರ್ ಆಗಿರೋದು ಅಂದರೆ ಏನು? ಇದು ಇವತ್ತಿನ ವಿಷಯ. ಹೊರಗೆ ಅಂಟಿಸಿರುವ ಪೋಸ್ಟರಿನಲ್ಲಿ ಈ ಹೆಸರೇ ಎರಡು ಸಾಲು ತಿಂದಿದೆ. ಹಾಗಾಗಿ ಇನ್ನು ಮುಂದೆ ಬಿಡಿಎಂ ಅಂದುಬಿಡುತ್ತೇನೆ.

ಒಂದು ರ‍್ಯಾಕಿನ ಕಥೆಯಿಂದ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ಬ್ರ್ಯಾಂಡಿನವರು ಬ್ಲೂಟೂತ್ ಸ್ಪೀಕರ್ ತಂದು ಮೇಜಿನ ಮೇಲಿಟ್ಟರು. 1,200 ಪೀಸು ಒಟ್ಟಿಗೆ ಎತ್ತಿದರೆ ಮಾಮೂಲಿ ಖರೀದಿ ಬೆಲೆಯಲ್ಲಿ ಶೇಕಡ 12 ಬಿಡುತ್ತೇವೆ ಎಂದರು. ನಾನು ಎರಡು ದಿನ ಚೌಕಾಸಿ ಮಾಡಿದೆ. 18ಕ್ಕೆ ಏರಿಸಿದೆ. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಮಾಲು ಗೋದಾಮಿಗೆ ಬಂದ 19ನೇ ದಿನ ಅದೇ ಬ್ರ್ಯಾಂಡು ತನ್ನ ಸ್ವಂತ ಸೈಟಿನಲ್ಲಿ ಆ ಸ್ಪೀಕರಿನ ಬೆಲೆ ಇಳಿಸಿತು. ಎಷ್ಟಕ್ಕೆ? ನಾನು ಕೊಂಡ ಬೆಲೆಗಿಂತ ಕೆಳಗೆ. ಹೊಸ ಮಾಡೆಲ್ ಬರುತ್ತಿತ್ತಂತೆ. ಹಳೇದನ್ನು ಖಾಲಿ ಮಾಡುತ್ತಿದ್ದರು. ಖಾಲಿ ಮಾಡುವ ಕೆಲಸದ ಮೊದಲ ಹೆಜ್ಜೆ ನಾನೇ ಆಗಿದ್ದೆ. ಆವತ್ತೂ ರಾತ್ರಿ ನಿದ್ದೆ ಬರಲಿಲ್ಲ.

ಒಪ್ಪಂದದ ಕಾಗದ ತೆಗೆದು ನೋಡಿದೆ. ಬೆಲೆ ಇಳಿದರೆ ವ್ಯತ್ಯಾಸ ಯಾರು ತುಂಬಿಕೊಡಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಮಾರಾಟವಾಗದ ಮಾಲು ವಾಪಸ್ ತೆಗೆದುಕೊಳ್ಳುತ್ತಾರಾ ಅನ್ನೋದೂ ಇರಲಿಲ್ಲ. ನಾನು ಕೇಳಿರಲೇ ಇಲ್ಲ, ಇನ್ನು ಇರೋದು ಎಲ್ಲಿಂದ? ಶೇಕಡ 18 ಎಂಬ ಒಂದೇ ಅಂಕಿಯ ಹಿಂದೆ ಬಿದ್ದಿದ್ದೆ. ಮುಂದಿನ ಒಂಬತ್ತು ತಿಂಗಳು ಆ ಡಬ್ಬಗಳು ಗೋದಾಮಿನ ಮೂಲೆಯಲ್ಲಿದ್ದವು. ಗೋದಾಮಿನ ಹುಡುಗರು ಆ ರ‍್ಯಾಕಿಗೆ ನನ್ನ ಹೆಸರಿಟ್ಟಿದ್ದರು. 'ಸರ್ ರ‍್ಯಾಕ್ ಪಕ್ಕ ಇಡು' ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಈ ಕೆಲಸ ಏನು ಎಂದು ನನಗೆ ಗೊತ್ತಾಗಿದ್ದು ಆ ರ‍್ಯಾಕಿನ ಮುಂದೆ. ಹೊರಗಿನವರ ಕಣ್ಣಿಗೆ ಬಿಡಿಎಂ ಅಂದರೆ ಹೊಸ ಬ್ರ್ಯಾಂಡ್ ತರುವವನು, ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುವವನು. ಅದೂ ಇದೆ. ಆದರೆ ಸಂಬಳ ಕೊಡೋದು ಬೇರೊಂದು ಪ್ರಶ್ನೆಯನ್ನು ಮೊದಲೇ ಕೇಳುವುದಕ್ಕೆ. ಬೆಲೆ ಬಿದ್ದರೆ, ಮಾಲು ಉಳಿದರೆ, ಡಬ್ಬ ವಾಪಸ್ ಬಂದರೆ, ನಷ್ಟ ಯಾರ ತಲೆಗೆ?

ಬೇರೆ ವಸ್ತು ಮಾರುವವರಿಗೂ ಈ ಪ್ರಶ್ನೆ ಇದೆ ನಿಜ. ಎಲೆಕ್ಟ್ರಾನಿಕ್ಸ್‌ನಲ್ಲಿ ಅದು ಇಷ್ಟು ಚುಚ್ಚುವುದು ಯಾಕೆ ಎಂದು ಹೇಳುತ್ತೇನೆ.

ಅಮೆಜಾನ್ 1995ರ ಜುಲೈನಲ್ಲಿ ಸೈಟು ತೆರೆದಾಗ ಮಾರಿದ್ದು ಪುಸ್ತಕ. ಪುಸ್ತಕಕ್ಕೆ ಐಎಸ್‌ಬಿಎನ್ ಎಂಬ ನಂಬರ್ ಇದೆ. ಆ ನಂಬರಿನ ಪುಸ್ತಕ ಎಲ್ಲಿ ಕೊಂಡರೂ ಅದೇ ಪುಸ್ತಕ. ಮುಟ್ಟಿ ನೋಡುವ ಅಗತ್ಯ ಇಲ್ಲ. 1999ರಲ್ಲಿ ಅವರು ಎಲೆಕ್ಟ್ರಾನಿಕ್ಸಿಗೆ ಕೈ ಹಾಕಿದರು. ಇಲ್ಲೂ ಅದೇ ಅನುಕೂಲ ಇತ್ತು. ಪ್ರತಿ ಡಬ್ಬದ ಮೇಲೂ ಮಾಡೆಲ್ ನಂಬರ್. ಚೀನಾದಲ್ಲಿ ಲಿಯು ಚಿಯಾಂಗ್‌ಡಾಂಗ್ 1998ರಲ್ಲಿ ಬೀಜಿಂಗ್‌ನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಶುರು ಮಾಡಿದ್ದರು. 2003ರಲ್ಲಿ ಸಾರ್ಸ್ ರೋಗ ಹರಡಿ ಅಂಗಡಿಗಳಿಗೆ ಜನ ಬರುವುದು ನಿಂತಿತು. ಅವರು ಇಂಟರ್ನೆಟ್ಟಿನಲ್ಲಿ ಮಾರಲು ಶುರು ಮಾಡಿ, 2004ರಲ್ಲಿ ಸ್ವಂತ ಸೈಟು ತೆರೆದರು. ಅದೇ ಮುಂದೆ ಜೆಡಿ ಡಾಟ್ ಕಾಮ್ ಆಯಿತು. ಅಂಗಡಿಯಲ್ಲಿ ಮಾರುತ್ತಿದ್ದ ಅದೇ ಡಬ್ಬವನ್ನು ನೋಡದೆಯೇ ಜನ ಕೊಂಡರು. ಯಾಕೆಂದರೆ ಡಬ್ಬದೊಳಗೆ ಏನಿದೆ ಎಂದು ಮಾಡೆಲ್ ನಂಬರೇ ಹೇಳುತ್ತದೆ.

ಹಾಗಾಗಿ ಮಾಡೆಲ್ ನಂಬರ್ ನಮಗೆ ವರ. ಶಾಪವೂ ಅದೇ. ಎಲ್ಲಿ ಕೊಂಡರೂ ಅದೇ ವಸ್ತು ಅಂದಮೇಲೆ ಗ್ರಾಹಕ ನೋಡೋದು ಬೆಲೆ ಒಂದನ್ನೇ. ಬಟ್ಟೆ ಮಾರುವವರು 'ನಮ್ಮದು ಬೇರೆ ಥರ' ಅನ್ನಬಹುದು. ನಾವು ಹಾಗೆ ಹೇಳಿದರೆ ಸುಳ್ಳು. ಇನ್ನೊಂದು ಟ್ಯಾಬ್ ತೆರೆದು ಅದೇ ನಂಬರ್ ಹಾಕಿದರೆ ಮೂರು ಸೆಕೆಂಡಿನಲ್ಲಿ ನಮ್ಮ ಬಂಡವಾಳ ಬಯಲು. ಲಾಭ ತೆಳ್ಳಗೆ ಆಗೋದು ಹೀಗೆ. ಅದರ ಮೇಲೆ ವಸ್ತು ಗೋದಾಮಿನಲ್ಲಿ ಕೂತಲ್ಲೇ ಹಳೇದಾಗುತ್ತದೆ. ಡಬ್ಬದ ಮೇಲೆ ಧೂಳು ಕೂರುವುದಕ್ಕಿಂತ ಮುಂಚೆ ಮುಂದಿನ ಮಾಡೆಲ್ ಬಂದಿರುತ್ತದೆ.

ತೆಳ್ಳಗೆ ಅಂದರೆ ಎಷ್ಟು ತೆಳ್ಳಗೆ? ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡೋಣ. ಸುಮ್ನೆ ಊಹೆಯ ಅಂಕಿಗಳು, ಆದರೆ ಆಕಾರ ನಿಜದ್ದು.

ಒಂದು ಹೆಡ್‌ಫೋನ್ 100ಕ್ಕೆ ಕೊಂಡೆವು ಅಂದುಕೊಳ್ಳಿ. 108ಕ್ಕೆ ಮಾರಿದೆವು. ಹಣ ಪಾವತಿ ಮಾಡಿಸುವ ಕಂಪನಿಗೆ 2 ಹೋಯಿತು. ಕೊರಿಯರಿಗೆ 3. ಉಳಿದದ್ದು 3. ನೂರು ಪೀಸು ಹೋದರೆ 300 ಲಾಭ. ಈಗ ನೂರರಲ್ಲಿ 6 ವಾಪಸ್ ಬಂದವು ಎನ್ನಿ. ಡಬ್ಬ ಒಡೆದಿದೆ, ಕಿವಿಗೆ ಹಾಕಿ ನೋಡಿದ್ದಾರೆ. ಹೊಸದು ಎಂದು ಮಾರುವ ಹಾಗಿಲ್ಲ. 'ತೆರೆದ ಡಬ್ಬ' ಎಂದು ಬರೆದು 80ಕ್ಕೆ ಮಾರಿದೆವು. ಒಂದೊಂದರಲ್ಲಿ 20 ಹೋಯಿತು. ಕಳಿಸಿದ ಖರ್ಚು 3, ವಾಪಸ್ ತರಿಸಿದ ಖರ್ಚು 3. ಒಟ್ಟು 26. ಆರಕ್ಕೆ 156. ಮಾರಾಟವಾಗಿ ಉಳಿದ 94 ಪೀಸಿನ ಲಾಭ 282. ಕಳೆದರೆ ಕೈಗೆ ಸಿಕ್ಕಿದ್ದು 126. ಆರೇ ಆರು ಡಬ್ಬ ಅರ್ಧಕ್ಕಿಂತ ಜಾಸ್ತಿ ಲಾಭ ನುಂಗಿದವು. ವಾಪಸ್ ಬಂದದ್ದು 10 ಆದರೆ ಉಳಿಯೋದು ಬರೀ 10. ಹನ್ನೊಂದನೇದು ಬಂದರೆ ಕೈಯಿಂದ ಹೋಗುತ್ತದೆ. ಇದರಲ್ಲಿ ಜಾಹೀರಾತು, ಗೋದಾಮಿನ ಬಾಡಿಗೆ, ನನ್ನ ಸಂಬಳ ಯಾವುದೂ ಸೇರಿಲ್ಲ.

ಹಾಗಾದರೆ ಈ ಕಂಪನಿಗಳು ಬದುಕೋದು ಹೇಗೆ? ಅದಕ್ಕೇ ಬಿಡಿಎಂ ಇರೋದು.

ನಮಗೆ ದುಡ್ಡು ಕೊಡುವವರು ಇಬ್ಬರು. ಒಬ್ಬ ಗ್ರಾಹಕ, ಇನ್ನೊಬ್ಬ ಬ್ರ್ಯಾಂಡಿನವನು. ಗ್ರಾಹಕನಿಂದ ಬರುವ ಮಾರ್ಜಿನ್, ಅಂದರೆ ಲಾಭದ ಪಾಲು, ಮುಂದಿನ ಬಾಗಿಲಿನದು, ಎಲ್ಲರಿಗೂ ಕಾಣುತ್ತದೆ. ಬ್ರ್ಯಾಂಡಿನಿಂದ ಬರೋದು ಹಿತ್ತಲ ಬಾಗಿಲಿನದು. ನಮ್ಮಲ್ಲಿ ಅದನ್ನು ಬ್ಯಾಕ್ ಮಾರ್ಜಿನ್ ಅನ್ನುತ್ತಾರೆ. ಮೂರು ತಿಂಗಳಲ್ಲಿ ಇಷ್ಟು ಎತ್ತಿದರೆ ಇಷ್ಟು ರಿಬೇಟು, ಮುಖಪುಟದಲ್ಲಿ ಜಾಗ ಕೊಟ್ಟರೆ ಇಷ್ಟು ಮಾರ್ಕೆಟಿಂಗ್ ಹಣ, ಬೆಲೆ ಇಳಿದರೆ ವ್ಯತ್ಯಾಸ ವಾಪಸ್. ಜೊತೆಗೆ ಕವರು, ಕೇಬಲ್ಲು, ಹೆಚ್ಚುವರಿ ವಾರಂಟಿ. ಫೋನಿನಲ್ಲಿ ಸಿಗದ ಮಾರ್ಜಿನ್ ಅದರ ಕವರಿನಲ್ಲಿ ಸಿಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದು ಬೈಯುತ್ತಾರಲ್ಲ, ನಮ್ಮ ವ್ಯಾಪಾರ ನಿಂತಿರೋದೇ ಮೂಗುತಿಯ ಮೇಲೆ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಒಂದು ಕಂಪನಿ ಅಮೆರಿಕದ ಬೆಸ್ಟ್ ಬೈ. ಜನ ಅವರ ಅಂಗಡಿಗೆ ಬಂದು ಟಿವಿ ನೋಡಿ, ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಕೊಳ್ಳುತ್ತಿದ್ದರು. ಅವರ ಎದುರಾಳಿ ಸರ್ಕ್ಯುಟ್ ಸಿಟಿ 2009ರಲ್ಲಿ ಬಾಗಿಲು ಹಾಕಿತ್ತು. ಬೆಸ್ಟ್ ಬೈ ಕೂಡ ಮುಳುಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. 2012ರಲ್ಲಿ ಯುಬೆರ್ ಜೋಲಿ ಮುಖ್ಯಸ್ಥರಾಗಿ ಬಂದರು. ಆನ್‌ಲೈನ್ ಬೆಲೆಗೇ ನಾವೂ ಕೊಡುತ್ತೇವೆ ಎಂದರು. ಅದರ ಜೊತೆಗೇ 2013ರಲ್ಲಿ ಸ್ಯಾಮ್‌ಸಂಗ್, ಮೈಕ್ರೋಸಾಫ್ಟ್ ಥರದವರಿಗೆ ತಮ್ಮ ಅಂಗಡಿಯೊಳಗೇ ಪುಟ್ಟ ಅಂಗಡಿ ಮಾಡಿಕೊಳ್ಳಲು ಜಾಗ ಕೊಟ್ಟರು. ಜನ ಬಂದು ನೋಡುತ್ತಾರೆ ಅನ್ನುವುದೇ ಅವರ ತೊಂದರೆಯಾಗಿತ್ತು. ಆ ನೋಡುವುದಕ್ಕೇ ಬೆಲೆ ಇದೆ, ಆ ಬೆಲೆಯನ್ನು ಬ್ರ್ಯಾಂಡು ಕೊಡುತ್ತದೆ ಎಂದು ಅವರು ಕಂಡುಕೊಂಡರು. ನನ್ನ ಕಣ್ಣಿಗೆ ಬಿಸಿನೆಸ್ ಡೆವಲಪ್‌ಮೆಂಟ್ ಅಂದರೆ ಇದು.

ಈಗ ಆ ಬೆಲೆ ಇಳಿಯುವ ವಿಷಯಕ್ಕೆ ಮತ್ತೆ ಬರುತ್ತೇನೆ. ಇದರ ಮೇಲೆ ನನಗೆ ಸ್ವಲ್ಪ ಜಾಸ್ತಿ ಮೋಹ. ಸುಟ್ಟ ಕೈ, ಏನು ಮಾಡೋದು.

ಸ್ಪೀಕರಿನ ಕಥೆ ಆದಮೇಲೆ ನಾನು ಪ್ರತಿ ಒಪ್ಪಂದದಲ್ಲೂ ಪ್ರೈಸ್ ಪ್ರೊಟೆಕ್ಷನ್ ಬರೆಸುತ್ತಿದ್ದೆ. ಬೆಲೆ ಇಳಿಸಿದರೆ ನಮ್ಮ ಬಳಿ ಉಳಿದಿರುವ ಪ್ರತಿ ಪೀಸಿಗೂ ವ್ಯತ್ಯಾಸ ಕೊಡಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಹಾಗೆ, ಸರಿ, ಬಾಗಿಲಾದರೂ ಹಾಕಿದೆ ಎಂದುಕೊಂಡೆ. ಒಂದು ವರ್ಷದ ಮೇಲೆ ಬೇರೊಂದು ಬ್ರ್ಯಾಂಡು ಟ್ಯಾಬ್ಲೆಟ್ ಬೆಲೆ ಇಳಿಸಿತು. ನಾನು ಹೆದರಲಿಲ್ಲ. ಕ್ಲೇಮು ಕಳಿಸಿದೆ. ಅರ್ಧ ತಿರಸ್ಕಾರ ಆಗಿ ವಾಪಸ್ ಬಂತು!

ಕಾರಣ ಏನು ಗೊತ್ತಾ? 'ನಿಮ್ಮ ಬಳಿ ಉಳಿದಿರುವ' ಎಂಬ ಮಾತು. ನಮ್ಮ ಅರ್ಧ ಮಾಲು ಆವತ್ತು ಲಾರಿಯಲ್ಲಿತ್ತು. ಬಿಲ್ಲು ನಮ್ಮ ಹೆಸರಿಗೆ ಆಗಿತ್ತು, ಡಬ್ಬ ದಾರಿಯಲ್ಲಿತ್ತು. ಗೋದಾಮಿಗೆ ಬಾರದ್ದು ನಿಮ್ಮ ಬಳಿ ಇಲ್ಲ ಎಂದು ಅವರ ವಾದ. ಹಣ ಕೊಟ್ಟಿದ್ದೇವೆ, ನಮ್ಮದೇ ಎಂದು ನನ್ನ ವಾದ. ಆ ಜಗಳ ಎರಡು ತಿಂಗಳು ನಡೆಯಿತು. ಕೊನೆಗೆ ಅರ್ಧದಲ್ಲಿ ಅರ್ಧ ಸಿಕ್ಕಿತು. ಅಲ್ಲಿಂದ ಮುಂದೆ 'ದಾರಿಯಲ್ಲಿರುವ ಮಾಲೂ ಸೇರಿ' ಎಂಬ ಮೂರು ಪದ ನನ್ನ ಒಪ್ಪಂದಗಳಿಗೆ ಬಂತು. ಯಾವ ದಿನಾಂಕದ ಲೆಕ್ಕ, ಸೀರಿಯಲ್ ನಂಬರ್ ಪಟ್ಟಿ ಎಷ್ಟು ದಿನದೊಳಗೆ ಕಳಿಸಬೇಕು, ಹಣವಾಗಿ ಕೊಡುತ್ತಾರಾ ಅಥವಾ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕಾ, ಎಲ್ಲವೂ ಬಂತು. ನನ್ನ ಒಪ್ಪಂದದ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಪೆಟ್ಟು ಇದೆ.

ಇದನ್ನೆಲ್ಲ ಕೇಳಿದರೆ ಬ್ರ್ಯಾಂಡಿನವರು ಕೆಟ್ಟವರು ಅನ್ನಿಸಬಹುದು. ಹಾಗೇನಿಲ್ಲ. ಎದುರಿಗೆ ಕೂತ ಸೇಲ್ಸ್ ಮ್ಯಾನೇಜರಿಗೂ ಒಂದು ಟಾರ್ಗೆಟ್ ಇದೆ. ಆ ಟಾರ್ಗೆಟ್ ಎಣಿಸೋದು ಅವರು ನಮಗೆ ಎಷ್ಟು ಮಾರಿದರು ಎಂದು. ನಾವು ಗ್ರಾಹಕರಿಗೆ ಎಷ್ಟು ಮಾರಿದೆವು ಎಂದಲ್ಲ. ಮೊದಲನೇದು ಸೆಲ್ ಇನ್, ಎರಡನೇದು ಸೆಲ್ ಥ್ರೂ. ಎರಡರ ನಡುವಿನ ಅಂತರ ನಮ್ಮ ಗೋದಾಮಿನಲ್ಲಿ ಕೂತಿರುತ್ತದೆ. ಕ್ವಾರ್ಟರ್, ಅಂದರೆ ಮೂರು ತಿಂಗಳ ಲೆಕ್ಕ, ಮುಗಿಯುವ ಕೊನೆಯ ವಾರ ನನಗೆ ಬರುತ್ತಿದ್ದ ಫೋನುಗಳನ್ನು ನೀವು ಕೇಳಬೇಕಿತ್ತು. ಆರು ತಿಂಗಳಿಂದ ಫೋನ್ ಎತ್ತದವರೂ 'ಸರ್, ಆರೋಗ್ಯನಾ?' ಎಂದು ಶುರು ಮಾಡುತ್ತಿದ್ದರು. ಆ ವಾರ ಶರತ್ತುಗಳನ್ನು ಬಗ್ಗಿಸೋದು ಸುಲಭ. ಬಗ್ಗಿಸಿದ ಖುಷಿಯಲ್ಲಿ ಬೇಡದ ಮಾಲು ಎತ್ತೋದು ಇನ್ನೂ ಸುಲಭ. ನನ್ನ ಸ್ಪೀಕರ್ ಕೂಡ ಅಂಥ ವಾರದಲ್ಲೇ ಬಂದದ್ದು. ಆಗ ನನಗೆ ಅವರ ಕ್ಯಾಲೆಂಡರ್ ಗೊತ್ತಿರಲಿಲ್ಲ.

ಸಾಲದ ದಿನಗಳ ಬಗ್ಗೆ ಎರಡೇ ಮಾತು. ಬ್ರ್ಯಾಂಡಿಗೆ 45 ದಿನಕ್ಕೆ ದುಡ್ಡು ಕೊಡಬೇಕು, ಮಾಲು 20 ದಿನಕ್ಕೆ ಹೋಯಿತು ಅಂದರೆ 25 ದಿನ ಅವರ ದುಡ್ಡು ನಮ್ಮ ಕೈಯಲ್ಲಿ ಆಡುತ್ತದೆ. ಅದೇ ಮಾಲು 90 ದಿನ ಕೂತರೆ ನಮ್ಮ ದುಡ್ಡು ಅವರ ಕೈಯಲ್ಲಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ. ಬಿಡಿಎಂ ಆದವನು ಯಾವ ತಿಂಗಳು ತಾನು ಯಾರು ಎಂದು ತಿಳಿದಿರಬೇಕು.

ಇನ್ನು ವಾಪಸ್ ಬರುವ ಡಬ್ಬಗಳು. ಹೊಸಬರು ಇದನ್ನು ಕಸ್ಟಮರ್ ಕೇರ್‌ನವರ ಕೆಲಸ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಬೇಸರಕ್ಕೆ ವಾಪಸಾತಿ ಮೇಜಿನ ಪಕ್ಕ ಹೋಗಿ ಕೂತೆ. ಒಂದು ವಾರ ಅಲ್ಲೇ ಕೂತೆ. ಅಷ್ಟು ಕಲಿಸಿದ ವಾರ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಯಾಕೆಂದರೆ ಅಲ್ಲಿ ಬರುತ್ತಿದ್ದ ಎಷ್ಟೋ ವಸ್ತುಗಳು ಕೆಟ್ಟಿರಲೇ ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಕೆಟ್ಟಿದ್ದದ್ದು ನಾವು ಬರೆದ ಪುಟ.

1 ಟಿಬಿ ಹಾರ್ಡ್ ಡಿಸ್ಕ್ ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಗ್ರಾಹಕನಿಗೆ ಮೋಸ ಅನ್ನಿಸುತ್ತದೆ. ಮೋಸ ಅಲ್ಲ. ತಯಾರಿಸಿದವರು 1,000ರ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಅದೇ ಡಿಸ್ಕು, ಎರಡು ಅಳತೆಗೋಲು. ಪವರ್ ಬ್ಯಾಂಕಿನದ್ದು ಇದಕ್ಕಿಂತ ತಮಾಷೆ. ಮೇಲೆ 20,000 ಎಂಎಎಚ್ ಎಂದಿರುತ್ತದೆ, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ ಅದು. ನನ್ನ ಫೋನಿನದು 5,000, ಆದ್ದರಿಂದ ನಾಲ್ಕು ಸಲ ಚಾರ್ಜ್ ಆಗಬೇಕು ಎಂದು ಗ್ರಾಹಕ ಭಾಗಿಸುತ್ತಾನೆ. ಆದರೆ ಆ 20,000 ಒಳಗಿನ ಸೆಲ್ಲಿನದು, ಸುಮಾರು 3.7 ವೋಲ್ಟಿನಲ್ಲಿ. ಹೊರಗೆ ಬರೋದು 5 ವೋಲ್ಟಿನಲ್ಲಿ. 20,000 ಎಂಎಎಚ್ ಅಂದರೆ 20 ಆಂಪಿಯರ್ ಅವರ್, ಅದನ್ನು 3.7ರಿಂದ ಗುಣಿಸಿದರೆ 74 ವ್ಯಾಟ್ ಅವರ್ ಶಕ್ತಿ. ಅದನ್ನು 5ರಿಂದ ಭಾಗಿಸಿದರೆ 14.8, ಅಂದರೆ 14,800 ಎಂಎಎಚ್. ಬದಲಾಯಿಸುವಾಗ ಬಿಸಿಯಾಗಿ ಒಂದಷ್ಟು ಹೋಗುತ್ತದೆ. ನಾಲ್ಕಲ್ಲ, ಸುಮಾರು ಮೂರು ಸಲ. ಆಮೇಲೆ ಡಬ್ಬ ನಮ್ಮ ಮೇಜಿಗೆ.

ಟೈಪ್ ಸಿ ಕೇಬಲ್ಲುಗಳ ಬಗ್ಗೆ ಮಾತಾಡಲು ಹೊರಟರೆ ಸಂಜೆಯಾಗುತ್ತದೆ. ಎರಡು ಕೇಬಲ್ಲು, ತದ್ರೂಪ. ಒಂದರಲ್ಲಿ ಚಾರ್ಜು ಮತ್ತು ನಿಧಾನದ ಡೇಟಾ ಮಾತ್ರ ಹೋಗುತ್ತದೆ. ಇನ್ನೊಂದರಲ್ಲಿ ಮಾನಿಟರಿಗೆ ಚಿತ್ರವೂ ಹೋಗುತ್ತದೆ. ಹೊರಗಿನಿಂದ ನೋಡಿ ಹೇಳೋದು ಕಷ್ಟ. ಹೆಸರಿನಿಂದ ತಿಳಿಯುತ್ತಾ ಅಂದರೆ, ಅದೂ ಇಲ್ಲ. 2008ರಲ್ಲಿ ಬಂದ 5 ಗಿಗಾಬಿಟ್ ವೇಗದ ಯುಎಸ್‌ಬಿಗೆ 3.0 ಎಂದು ಹೆಸರು. 2013ರಲ್ಲಿ ಅದಕ್ಕೇ 3.1 ಜೆನ್ 1 ಎಂದರು. 2017ರಲ್ಲಿ 3.2 ಜೆನ್ 1. ವೇಗ ಒಂದು ಚೂರೂ ಹೆಚ್ಚಾಗಿಲ್ಲ, ನಾಮಕರಣ ಮಾತ್ರ ಮೂರು ಸಲ. ಈ ಹೆಸರುಗಳನ್ನು ಡಬ್ಬದಿಂದ ಹಾಗೇ ನಕಲು ಮಾಡಿ ನಮ್ಮ ಪುಟದಲ್ಲಿ ಹಾಕಿದ್ದೆವು. ಯಾರಿಗೆ ಏನು ಅರ್ಥವಾಗಬೇಕು?

ವಾರ ಮುಗಿದ ಮೇಲೆ ನಾನು ಮಾಡಿದ್ದು ಸಣ್ಣ ಕೆಲಸ. ಆ ಕೇಬಲ್ಲಿನ ಪುಟದಲ್ಲಿ, ಬೆಲೆಯ ಕೆಳಗೇ, ಒಂದು ಸಾಲು ಸೇರಿಸಲು ಹೇಳಿದೆ. 'ಇದರಲ್ಲಿ ಮಾನಿಟರಿಗೆ ಚಿತ್ರ ಹೋಗುವುದಿಲ್ಲ.' ಬ್ರ್ಯಾಂಡಿನವರು ಕುಣಿದಾಡಿದರು. ಮಾರಾಟ ಬೀಳುತ್ತದೆ ಎಂದರು. ಬಿತ್ತು ಕೂಡ, ಸ್ವಲ್ಪ. ವಾಪಸ್ ಬರೋದು ಅದಕ್ಕಿಂತ ಜಾಸ್ತಿ ಬಿತ್ತು. ಮೇಲಿನ ಹೆಡ್‌ಫೋನ್ ಲೆಕ್ಕ ನೆನಪಿದೆ ಅಲ್ವಾ? ಅದರ ಪ್ರಕಾರ ಒಂದು ವಾಪಸಾತಿ ತಪ್ಪಿಸಿದರೆ ಎಂಟು ಒಂಬತ್ತು ಹೊಸ ಮಾರಾಟಕ್ಕೆ ಸಮ. ಅದನ್ನು ಬ್ರ್ಯಾಂಡಿನವರ ಮುಂದೆ ಇಟ್ಟೆ. ಮುಂದಿನ ಸಲ ಅವರೇ ಡಬ್ಬದ ಮೇಲೆ ಆ ಸಾಲು ಅಚ್ಚು ಹಾಕಿಸಿದರು. ನಾನು ಮಾಡಿದ ಒಪ್ಪಂದಗಳಲ್ಲಿ ಯಾವ ಕಾಗದಕ್ಕೂ ಸಹಿ ಬೀಳದ, ಆದರೆ ತುಂಬಾ ಲಾಭ ತಂದ ಒಪ್ಪಂದ ಅದು.

ಅದೇ ಮೇಜಿನಲ್ಲಿ ಕಳ್ಳತನವನ್ನೂ ನೋಡಿದೆ. ಹೊಸ ಫೋನು ತರಿಸಿ, ಡಬ್ಬದಲ್ಲಿ ಹಳೇ ಕೆಟ್ಟ ಫೋನಿಟ್ಟು ವಾಪಸ್ ಕಳಿಸುವವರು ಇದ್ದಾರೆ. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಇದೆ. ಕಳಿಸುವಾಗ ಅದನ್ನು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದರೆ ಹಿಡಿಯಬಹುದು. ಇಲ್ಲದಿದ್ದರೆ ಅವರ ಮಾತೇ ಮಾತು. ಇದಕ್ಕೂ ಬಿಡಿಎಂಗೂ ಏನು ಸಂಬಂಧ ಅಂತೀರಾ? ಪ್ರತಿ ಪೀಸಿನ ಸೀರಿಯಲ್ ನಂಬರನ್ನು ಡಬ್ಬದ ಹೊರಗೆ ಸ್ಕ್ಯಾನ್ ಆಗುವ ಹಾಗೆ ಅಚ್ಚು ಹಾಕಿ ಎಂದು ಬ್ರ್ಯಾಂಡಿನ ಬಳಿ ಕೇಳಬೇಕಾದವನು ಬಿಡಿಎಂ. ಸೀಲು ಒಡೆದು ಸ್ಕ್ಯಾನ್ ಮಾಡೋಕಾಗಲ್ಲ.

ಬ್ಯಾಟರಿ ಇರುವ ಮಾಲಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಪವರ್ ಬ್ಯಾಂಕ್ ಬ್ರ್ಯಾಂಡಿಗೆ ನಾನು 'ಎಲ್ಲ ಕಡೆ ಎರಡು ದಿನದಲ್ಲಿ ತಲುಪಿಸುತ್ತೇವೆ' ಎಂದು ಮಾತು ಕೊಟ್ಟು ಬಂದೆ. ಮಾಲು ಸಾಗಣೆ ನೋಡಿಕೊಳ್ಳುವ ಲಾಜಿಸ್ಟಿಕ್ಸಿನ ಮೇಡಂ ಕೇಳಿ ನಕ್ಕುಬಿಟ್ಟರು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಬಿಡಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದನ್ನು 2016ರ ಏಪ್ರಿಲ್ 1ರಿಂದ ಅಂತಾರಾಷ್ಟ್ರೀಯ ನಿಯಮದಲ್ಲೇ ನಿಲ್ಲಿಸಿದ್ದಾರೆ. ಸರಕು ವಿಮಾನದಲ್ಲಿ ಕಳಿಸಬೇಕಾದರೂ ಚಾರ್ಜು ಶೇಕಡ 30ಕ್ಕಿಂತ ಹೆಚ್ಚಿರಬಾರದು. ಪವರ್ ಬ್ಯಾಂಕು ಆ ನಿಯಮದ ಕಣ್ಣಿಗೆ ಉಪಕರಣ ಅಲ್ಲ, ಬರೀ ಬ್ಯಾಟರಿ. ಜೊತೆಗೆ ಯುಎನ್ 38.3 ಎಂಬ ಬ್ಯಾಟರಿ ಸುರಕ್ಷತೆಯ ಪರೀಕ್ಷೆ ಪಾಸಾದ ಕಾಗದ ಬೇಕು. ಬ್ರ್ಯಾಂಡಿನವರನ್ನು ಆ ಕಾಗದ ಕೇಳಿದೆ. ಅವರು ಮೂರು ವಾರ ಹುಡುಕಿದರು. ಮಾತು ಕೊಡುವ ಮುಂಚೆ ಲಾಜಿಸ್ಟಿಕ್ಸಿನವರನ್ನು ಕೇಳೋದು ಆವತ್ತಿನಿಂದ ಅಭ್ಯಾಸವಾಯಿತು.

ಇದುವರೆಗೆ ಮಾಲು ಜಾಸ್ತಿ ಆದಾಗಿನ ಕಷ್ಟ ಹೇಳಿದೆ. ಮಾಲೇ ಸಿಗದ ಕಾಲವೂ ಬರುತ್ತದೆ. 2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂತು. ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗಳಿಗೆ ನೀರು ನುಗ್ಗಿತು. ಪ್ರಪಂಚದಲ್ಲೆಲ್ಲ ಹಾರ್ಡ್ ಡಿಸ್ಕಿನ ಬೆಲೆ ಏರಿತು. 2020ರಲ್ಲಿ ಶುರುವಾದ ಚಿಪ್ ಕೊರತೆ ನಿಮಗೇ ನೆನಪಿರಬಹುದು. ಆಗ ಬ್ರ್ಯಾಂಡು ಇರುವಷ್ಟು ಮಾಲನ್ನು ಹಂಚುತ್ತದೆ. ಯಾರಿಗೆ ಕೊಡುತ್ತದೆ? ದೊಡ್ಡವರಿಗೆ ಮೊದಲು, ಅದು ಇದ್ದದ್ದೇ. ಆಮೇಲೆ, ನಾನು ಕಂಡಂತೆ, ನಿಜವಾದ ಅಂದಾಜು ಕೊಟ್ಟವರಿಗೆ. ಮಾಲು ಕಡಿಮೆ ಇದೆ ಎಂದ ತಕ್ಷಣ ಎಲ್ಲರೂ ಬೇಕಾದ್ದಕ್ಕಿಂತ ಎರಡರಷ್ಟು ಆರ್ಡರ್ ಹಾಕುತ್ತಾರೆ, ಅರ್ಧ ಸಿಕ್ಕರೆ ಸಾಕು ಎಂದು. ಬ್ರ್ಯಾಂಡಿನವರಿಗೆ ಅದೆಲ್ಲ ಗೊತ್ತು. ಹಿಂದಿನ ಎರಡು ವರ್ಷ ನೀವು ಹೇಳಿದ್ದೆಷ್ಟು, ಎತ್ತಿದ್ದೆಷ್ಟು ಎಂದು ಅವರ ಬಳಿ ಹಾಳೆ ಇರುತ್ತದೆ. ನನಗೊಮ್ಮೆ ಕೇಳಿದಷ್ಟೂ ಸಿಕ್ಕಿದ್ದು ಆ ಹಾಳೆಯಿಂದ.

ಮಾರ್ಕೆಟ್‌ಪ್ಲೇಸಿನ, ಅಂದರೆ ಹೊರಗಿನವರಿಗೆ ಮಾರಲು ಜಾಗ ಕೊಡುವ ಸೈಟಿನ, ಬಿಡಿಎಂ ಕೆಲಸ ಬೇರೆ ಥರ. ಅಲ್ಲಿ ಮಾಲು ಕಂಪನಿಯದ್ದಲ್ಲ, ಸೆಲ್ಲರಿನದು. ಅಮೆಜಾನ್ 2000ನೇ ಇಸವಿಯ ನವೆಂಬರಿನಲ್ಲಿ ಹೊರಗಿನವರಿಗೆ ತನ್ನ ಪುಟದಲ್ಲೇ ಮಾರಲು ಜಾಗ ಕೊಟ್ಟಿತು. ಅಲ್ಲಿ ಬಿಡಿಎಂ ಸೆಲ್ಲರ್‌ಗಳನ್ನು ಕರೆತರಬೇಕು, ಕಮಿಷನ್ ಮಾತಾಡಬೇಕು. ಗೋದಾಮಿನ ರ‍್ಯಾಕಿಗೆ ನಿಮ್ಮ ಹೆಸರು ಬೀಳುವುದಿಲ್ಲ. ಹಾಗಂತ ನಿದ್ದೆ ಬರುತ್ತೆ ಅಂದುಕೊಳ್ಳಬೇಡಿ. ನಕಲಿ ಮೆಮೊರಿ ಕಾರ್ಡು ಮಾರಿದವನು ಯಾರೋ ಸೆಲ್ಲರ್. ಗ್ರಾಹಕ ಬೈಯೋದು ಸೈಟಿಗೆ. ಆ ಕಾರ್ಡುಗಳು ಎಷ್ಟು ಜಾಣತನದವು ಅಂದರೆ, ಒಳಗೆ 16 ಜಿಬಿ ಇದ್ದರೂ ಕಂಪ್ಯೂಟರಿಗೆ 256 ಎಂದೇ ಹೇಳುತ್ತವೆ. 16 ತುಂಬುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಳ್ಳೆಯ ರಿವ್ಯೂ ಬರೆದಾಗಿರುತ್ತದೆ!

ದೊಡ್ಡ ಸೇಲ್ ದಿನಗಳ ಬಗ್ಗೆ ಹೇಳಿ ಎಂದು ಚೀಟಿ ಬಂದಿದೆ. ಚೀನಾದ ಅಲಿಬಾಬಾ 2009ರ ನವೆಂಬರ್ 11ರಂದು 27 ಮಾರಾಟಗಾರರ ಜೊತೆ ಶುರು ಮಾಡಿದ ಸೇಲ್ ಈಗ ಎಷ್ಟು ದೊಡ್ಡದಾಗಿ ಬೆಳೆದಿದೆ ಎಂದು ನಿಮಗೇ ಗೊತ್ತು. ಸೇಲ್ ದಿನದ ಅಂಕಿಯನ್ನು ನಾನು ನಂಬುವುದಿಲ್ಲ. ವಾಪಸಾತಿ ಅವಧಿ ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಸಿಹಿಯೋ ಕಹಿಯೋ ನಿರ್ಧರಿಸುತ್ತೇನೆ.

ಪ್ರಶ್ನೆಗಳಿಗೆ ಬರೋಣ.

'ಈ ಕೆಲಸಕ್ಕೆ ಎಂಬಿಎ ಬೇಕಾ?' ಇದ್ದರೆ ಬೇಡ ಎನ್ನುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ತುಂಬಾ ಚುರುಕಾಗಿದ್ದವರು ಮುಂಚೆ ಫೋನ್ ರಿಪೇರಿ ಮಾಡುತ್ತಿದ್ದರು. ಒಂದು ಫೋನನ್ನು ಕೈಗೆ ತೆಗೆದುಕೊಂಡರೆ ಇದು ಯಾವ ಕಾರಣಕ್ಕೆ ವಾಪಸ್ ಬರುತ್ತದೆ ಎಂದು ಹೇಳುತ್ತಿದ್ದರು. ಸ್ಪ್ರೆಡ್‌ಶೀಟ್ ಕಲಿಸಲು ನಮಗೆ ಎರಡು ತಿಂಗಳು ಸಾಕಾಯಿತು. ಅವರ ಕೈಗುಣವನ್ನು ನಮಗೆ ಕಲಿಸಲು ಅವರಿಗೆ ಆಗಲಿಲ್ಲ.

'ಬ್ರ್ಯಾಂಡಿನವರು ಉಡುಗೊರೆ ಕೊಟ್ಟರೆ?' ಕೊಡುತ್ತಾರೆ. ಸ್ಯಾಂಪಲ್ ಎಂದು ಹೇಳಿ ಕೊಡುತ್ತಾರೆ. ನಮ್ಮಲ್ಲಿ ಬಂದ ಸ್ಯಾಂಪಲ್ಲುಗಳನ್ನೆಲ್ಲ ಒಂದು ಬೀರುವಿನಲ್ಲಿಟ್ಟು, ಯಾರು ತೆಗೆದರು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಬೀರುವಿನ ಬೀಗದ ಕೈ ಫೈನಾನ್ಸಿನವರ ಬಳಿ. ಸ್ವಲ್ಪ ಅತಿ ಅನ್ನಿಸಬಹುದು. ಆದರೆ ಹೆಡ್‌ಫೋನ್ ಇಸ್ಕೊಂಡ ಮೇಲೆ ಪ್ರೈಸ್ ಪ್ರೊಟೆಕ್ಷನ್ ಕೇಳಲು ನಾಲಿಗೆ ಏಳುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಹುಡುಗಿ ಆಗಿನಿಂದ ಕೈ ಎತ್ತುತ್ತಿದ್ದಾರೆ. ಕೇಳಿ. 'ಆ 1,200 ಸ್ಪೀಕರ್ ಕೊನೆಗೆ ಏನಾದವು?'

ಒಳ್ಳೆ ಪ್ರಶ್ನೆ. ಯಾರೂ ಕೇಳಲಿಲ್ಲವಲ್ಲ ಎಂದುಕೊಂಡಿದ್ದೆ. ಸುಮಾರು 400ನ್ನು ನಷ್ಟಕ್ಕೆ ಮಾರಿದೆವು. 500ನ್ನು ಟಿವಿ ಜೊತೆ ಸೇರಿಸಿ ಕೊಟ್ಟೆವು, ಅದರಲ್ಲಿ ಸ್ವಲ್ಪ ಬಂತು. ಎಷ್ಟೋ ಕಾಡಿದ ಮೇಲೆ ಬ್ರ್ಯಾಂಡಿನವರು 250 ವಾಪಸ್ ತೆಗೆದುಕೊಂಡರು. ಉಳಿದ 50ನ್ನು ನಮ್ಮ ಆಫೀಸಿನವರಿಗೇ ಮಾರಿದೆವು. ಮೊದಲನೇದನ್ನು ನನ್ನ ಕೈಗೇ ಕೊಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಇವತ್ತಿಗೂ ನಮ್ಮನೆ ಅಡುಗೆಮನೆಯಲ್ಲಿದೆ. ಸದ್ದು ಚೆನ್ನಾಗಿಯೇ ಬರುತ್ತದೆ. ಚಾರ್ಜಿಂಗ್ ಪೋರ್ಟು ಮಾತ್ರ ಹಳೇ ಮೈಕ್ರೋ ಯುಎಸ್‌ಬಿ. ವಾರಕ್ಕೊಮ್ಮೆ ಆ ಕೇಬಲ್ ಎಲ್ಲಿಟ್ಟಿದ್ದೀರಿ ಎಂದು ಮನೆಯಲ್ಲಿ ನನ್ನನ್ನೇ ಕೇಳುತ್ತಾರೆ.